ಅಣ್ಣನ ಮಗಳನ್ನು ಟ್ಯೂಬಿಂಗನ್‌ಗೆ ಬಿಟ್ಟು ಬಂದದ್ದು

ಅಣ್ಣನ ಮಗಳು ಪುಟ್ಟಿಗೆ ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಮೆಷಿನ್ ಲರ್ನಿಂಗ್ ಎಂ.ಎಸ್ಸಿ.ಗೆ ಸೀಟು ಸಿಕ್ಕಿತು. ನಾನು ಓದಿದ್ದೂ ಅಲ್ಲೇ. 2013ರ ಅಕ್ಟೋಬರ್‌ನಲ್ಲಿ ಮುಳಬಾಗಿಲು ಕಡೆಯ ನಮ್ಮ ಹಳ್ಳಿಯಿಂದ ಹೊರಟು, ಅಂತರ್ಜಲದ ವಿಷಯದಲ್ಲಿ ಎಂ.ಎಸ್ಸಿ. ಮುಗಿಸಿ, ಮತ್ತೆ ಕೋಲಾರಕ್ಕೇ ಬಂದು ಕೆಲಸ ಹಿಡಿದವಳು ನಾನು. "ಅವಳನ್ನ ನೀನೇ ಹೋಗಿ ಬಿಟ್ಟು ಬಾಮ್ಮ, ನನಗೆ ಧೈರ್ಯ" ಅಂದ ಅಣ್ಣ. ನನ್ನ ಮನಸ್ಸಿನಲ್ಲೂ ಅದೇ ಇತ್ತು.

ವೀಸಾ, ಟಿಕೆಟ್ ಕಥೆ ಬಿಡೋಣ. ದುಡ್ಡಿನ ವಿಷಯ ಮಾತ್ರ ಹೇಳಿಬಿಡುತ್ತೇನೆ. ಜರ್ಮನಿಗೆ ಓದಲು ಹೋಗುವವರು ಮೊದಲ ವರ್ಷದ ಖರ್ಚಿಗೆ ಬ್ಲಾಕ್ಡ್ ಅಕೌಂಟ್‌ನಲ್ಲಿ (ತಿಂಗಳಿಗೆ ಇಷ್ಟೇ ಅಂತ ತೆಗೆಯಬಹುದಾದ ಬ್ಯಾಂಕ್ ಖಾತೆ) 11,904 ಯೂರೋ ಇಟ್ಟು ತೋರಿಸಬೇಕು. ನನ್ನ ಕಾಲದಲ್ಲಿ ಅದು ಸುಮಾರು 8,000 ಇತ್ತು. ಅಪ್ಪ ಜಮೀನಿನ ಮೇಲೆ ಸಾಲ ಎತ್ತಿದ್ದರು. ಆಗ ಫೀ ಅಂತ ಏನೂ ಇರಲಿಲ್ಲ. 2017ರ ಚಳಿಗಾಲದ ಸೆಮಿಸ್ಟರ್‌ನಿಂದ ಟ್ಯೂಬಿಂಗನ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಯುರೋಪ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರ್‌ಗೆ 1,500 ಯೂರೋ ಹಾಕಿದ್ದಾರೆ. ಜರ್ಮನಿಯಲ್ಲಿ ಓದು ಪೂರ್ತಿ ಫ್ರೀ ಅಂತ ಯಾರಾದರೂ ಹೇಳಿದರೆ, ಯಾವ ರಾಜ್ಯ ಅಂತ ಮೊದಲು ಕೇಳಿ.

ಮೊದಲ ದಿನ: ಮಳೆಯಲ್ಲಿ ಟ್ಯೂಬಿಂಗನ್

ನಾವು ಸ್ಟುಟ್‌ಗಾರ್ಟ್ ತಲುಪಿದ್ದು ಅಕ್ಟೋಬರ್ 2ರ ಸಂಜೆ. ಅಲ್ಲಿಂದ ಟ್ಯೂಬಿಂಗನ್‌ಗೆ ಲೋಕಲ್ ರೈಲಿನಲ್ಲಿ ಸುಮಾರು ಒಂದು ಗಂಟೆ. 2025ರ ದರದಂತೆ ತಿಂಗಳಿಗೆ 58 ಯೂರೋ ಕೊಟ್ಟು ಡಾಯ್ಚ್‌ಲಾಂಡ್ ಟಿಕೆಟ್ ತೆಗೆದುಕೊಂಡಿದ್ದೆವು. ದೇಶದ ಎಲ್ಲಾ ಲೋಕಲ್ ರೈಲು, ಸಿಟಿ ಬಸ್ಸಿಗೂ ಅದೊಂದೇ ಸಾಕು. ವೇಗದ ಐಸಿಇ ರೈಲು ಮಾತ್ರ ಹತ್ತುವ ಹಾಗಿಲ್ಲ.

ಸ್ಟೇಷನ್‌ನಲ್ಲಿ ಇಳಿದಾಗ ಜಿಟಿಜಿಟಿ ಮಳೆ. ಹಾಸ್ಟೆಲ್ ಕೀ ಸಿಗುವುದು ಸೋಮವಾರವೇ ಆದ್ದರಿಂದ ಹಳೇ ಪೇಟೆಯಲ್ಲಿ ಚಿಕ್ಕದೊಂದು ರೂಮು ಹಿಡಿದಿದ್ದೆ. ನೆಕ್ಕರ್ ನದಿಯ ಸೇತುವೆ ದಾಟಿ ಗಲ್ಲಿಗಳ ಏರು ಹತ್ತಬೇಕು. ನೆಲಕ್ಕೆಲ್ಲ ಗುಂಡುಕಲ್ಲು ಹಾಸಿದ್ದಾರೆ, ನೂರಾರು ವರ್ಷ ಸವೆದು ನುಣುಪಾದ ಕಲ್ಲು. ಅರ್ಧ ದಾರಿಯಲ್ಲಿ ಪುಟ್ಟಿಯ ದೊಡ್ಡ ಸೂಟ್‌ಕೇಸಿನ ಒಂದು ಚಕ್ರ ಕಿತ್ತು ಬಂತು. ರಾಗಿ ಹಿಟ್ಟು, ಹುರುಳಿಕಾಳು, ಸಾರಿನ ಪುಡಿ, ಪುಸ್ತಕ ಎಲ್ಲಾ ಅದರಲ್ಲೇ. ಇಬ್ಬರೂ ಹಿಡಿದು ಎತ್ತುತ್ತಿದ್ದಾಗ ಸೈಕಲ್ಲಿನಲ್ಲಿ ಹೋಗುತ್ತಿದ್ದ ಒಬ್ಬ ಹುಡುಗ ನಿಂತ. ಏನೂ ಕೇಳದೆ ಸೈಕಲ್ಲನ್ನು ಗೋಡೆಗೆ ಒರಗಿಸಿ, ಸೂಟ್‌ಕೇಸನ್ನು ಹೆಗಲಿಗೇರಿಸಿಕೊಂಡು ಬಾಗಿಲವರೆಗೂ ತಂದಿಟ್ಟ. "ಹೊಸಬರಾ?" ಅಂತ ಇಂಗ್ಲಿಷಿನಲ್ಲಿ ಕೇಳಿದ. ಪುಟ್ಟಿ ಹೂಂ ಅಂದಳು. "ನಾನೂ ಹೊಸಬ, ಮೊನ್ನೆ ಬಂದೆ" ಅಂತ ಹೇಳಿ ಮಳೆಯಲ್ಲೇ ಹೋದ.

ರಾತ್ರಿಗೆ ಅಮ್ಮ ಕಟ್ಟಿಕೊಟ್ಟ ಚಪಾತಿ, ಚಟ್ನಿಪುಡಿ. ತುಪ್ಪ ಇರಲಿಲ್ಲ. ಹಾಲಿನ ಪದಾರ್ಥ, ಮಾಂಸದ ಪದಾರ್ಥ ಯಾವುದನ್ನೂ ಹೊರಗಿನಿಂದ ಆ ಕಡೆ ಒಯ್ಯುವಂತಿಲ್ಲ, ಏರ್‌ಪೋರ್ಟಿನಲ್ಲೇ ತೆಗೆದುಬಿಡುತ್ತಾರೆ. ಅಮ್ಮನಿಗೆ ಅದನ್ನು ಒಪ್ಪಿಸುವುದೇ ಕಷ್ಟವಾಗಿತ್ತು.

ಎರಡನೇ ದಿನ: ಕೋಟೆಯ ಅಡುಗೆಮನೆ

ಅಕ್ಟೋಬರ್ 3 ಜರ್ಮನಿ ಒಂದಾದ ದಿನದ ರಜೆ. ಅಂಗಡಿಗಳೆಲ್ಲ ಬಂದ್. ಭಾನುವಾರವೂ ಹಾಗೇ. ನೀವು ರಜೆಯ ಹಿಂದಿನ ರಾತ್ರಿ ಬಂದಿಳಿಯುವ ಹಾಗಿದ್ದರೆ ಒಂದು ಹೊತ್ತಿನ ಊಟ ಬ್ಯಾಗಿನಲ್ಲಿ ಇರಲಿ. ಬೆಳಗ್ಗೆ ತೆರೆದಿದ್ದ ಒಂದು ಬೇಕರಿಯಲ್ಲಿ ಬೆಣ್ಣೆ ಸವರಿದ ಬ್ರೆಟ್ಸೆಲ್, ಅಂದರೆ ಗಂಟು ಹಾಕಿದ ಹಾಗಿರುವ ಬ್ರೆಡ್ಡು, ತಗೊಂಡೆವು. ಆ ಕಡೆಯ ಬ್ರೆಟ್ಸೆಲ್‌ನ ಹೊಟ್ಟೆ ಭಾಗ ದಪ್ಪ, ಅಲ್ಲೇ ಸೀಳಿ ಬೆಣ್ಣೆ ಹಚ್ಚುತ್ತಾರೆ. ತೋಳು ಸಣ್ಣದು, ಗರಿಗರಿ, ಮೇಲೆ ಹರಳುಪ್ಪು. ಕಾಫಿಗೆ ನಮ್ಮದೇ ಸ್ಟೀಲ್ ಲೋಟ ಚಾಚಿದೆವು. 2022ರಿಂದ ಟ್ಯೂಬಿಂಗನ್‌ನಲ್ಲಿ ಒಮ್ಮೆ ಬಳಸಿ ಎಸೆಯುವ ಕಪ್ಪು, ಡಬ್ಬಿಗೆ 50 ಸೆಂಟ್ ತೆರಿಗೆ ಇದೆ. ಕೇಸು ಸಂವಿಧಾನ ನ್ಯಾಯಾಲಯದವರೆಗೂ ಹೋಗಿ, 2025ರ ಜನವರಿಯಲ್ಲಿ ಊರೇ ಗೆದ್ದಿತು. ತನ್ನ ಕಸದ ಬಗ್ಗೆ ಇಷ್ಟು ಹಟ ಹಿಡಿಯುವ ಪುಟ್ಟ ಊರು ನನಗೆ ಬಹಳ ಇಷ್ಟ.

ನದಿಯ ನಡುವಿನ ಉದ್ದನೆ ದ್ವೀಪದಲ್ಲಿ ಪ್ಲಾಟಾನೆ ಮರಗಳ ಸಾಲಿದೆ. ಎಲೆ ಹಳದಿಯಾಗಿ ಉದುರುತ್ತಿತ್ತು. ಆಚೆ ದಡದ ಹಳದಿ ಗೋಪುರದಲ್ಲಿ ಕವಿ ಹೋಲ್ಡರ್ಲಿನ್ 1807ರಿಂದ 1843ರಲ್ಲಿ ಸಾಯುವವರೆಗೂ ಇದ್ದ. ನನ್ನ ಮೊದಲ ಚಳಿಗಾಲದಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲಾಗುತ್ತಿತ್ತು. ಕ್ಲಾಸು ಮುಗಿಸಿ ಈ ಸಾಲಿನಲ್ಲಿ ಒಬ್ಬಳೇ ನಡೆಯುತ್ತಿದ್ದೆ. ಆಗ ಮಾತಾಡಲು ಯಾರೂ ಇರಲಿಲ್ಲ. ಹುಟ್ಟಿದಾಗಿನಿಂದ ನಾನು ಒಬ್ಬಳೇ ಊಟ ಮಾಡಿದವಳಲ್ಲ, ಒಬ್ಬಳೇ ಮಲಗಿದವಳೂ ಅಲ್ಲ. ನವೆಂಬರ್ ಪೂರ್ತಿ ಅತ್ತೆ. ಜನವರಿ ಹೊತ್ತಿಗೆ ಆ ನಡಿಗೆ ಇಲ್ಲದಿದ್ದರೆ ದಿನವೇ ಸರಿಹೋಗುತ್ತಿರಲಿಲ್ಲ. ಈಗಲೂ ಕೋಲಾರದಲ್ಲಿ ಸಂಜೆ ಕೆರೆ ಏರಿ ಮೇಲೆ ಒಬ್ಬಳೇ ನಡೆದರೇನೇ ನನ್ನ ತಲೆ ತಿಳಿಯಾಗುವುದು. ಇದನ್ನೆಲ್ಲ ಪುಟ್ಟಿಗೆ ಹೇಳಿದೆ. "ಅಳು ಬಂದರೆ ಅಳು, ಆದರೆ ಫೋನ್ ಹಿಡಿದು ರೂಮಿನಲ್ಲೇ ಕೂತಿರಬೇಡ" ಅಂದೆ.

ಮಧ್ಯಾಹ್ನ ಕೋಟೆ ಹತ್ತಿದೆವು. ಕೋಟೆಯೊಳಗೇ ವಿಶ್ವವಿದ್ಯಾಲಯದ ಮ್ಯೂಸಿಯಂ ಇದೆ. ಅದರ ಹಳೆಯ ಅಡುಗೆಮನೆ 19ನೇ ಶತಮಾನದಲ್ಲಿ ರಸಾಯನಶಾಸ್ತ್ರದ ಲ್ಯಾಬ್ ಆಗಿತ್ತು. 1869ರಲ್ಲಿ ಫ್ರೀಡ್ರಿಖ್ ಮೀಷರ್ ಅನ್ನುವ ತರುಣ ಆಸ್ಪತ್ರೆಯಿಂದ ಗಾಯಕ್ಕೆ ಕಟ್ಟಿದ ಬ್ಯಾಂಡೇಜ್ ತರಿಸಿ, ಅದರ ಕೀವು ತೊಳೆದು ತೊಳೆದು, ಜೀವಕೋಶದ ಕೇಂದ್ರದೊಳಗಿನ ಒಂದು ಹೊಸ ವಸ್ತುವನ್ನು ಬೇರೆ ಮಾಡಿದ. ನಾವು ಈಗ ಡಿಎನ್‌ಎ ಅನ್ನುವುದು ಅದೇ. ಪುಟ್ಟಿ ಆ ಕಮಾನಿನ ಕೆಳಗೆ ತುಂಬಾ ಹೊತ್ತು ನಿಂತಿದ್ದಳು. "ಅತ್ತೆ, ಕೀವಿನಲ್ಲಾ?" ಅಂದಳು. ಹೌದು ಕಣೇ, ಕೀವಿನಲ್ಲೇ.

ಇಳಿಯುವಾಗ ಹೋಲ್ಟ್ಸ್‌ಮಾರ್ಕ್ಟ್ ಚೌಕದಲ್ಲಿ ಇನ್ನೊಂದು ಕಥೆ ಹೇಳಿದೆ. ಇಲ್ಲಿನ ಪುಸ್ತಕದಂಗಡಿಯಲ್ಲಿ ಕಾದಂಬರಿಕಾರ ಹರ್ಮನ್ ಹೆಸ್ಸೆ 1895ರಿಂದ ಕೆಲಸ ಕಲಿತ. ಅವನ ತಾತ ಮಲಯಾಳಂ ನಿಘಂಟಿನ ಗುಂಡರ್ಟ್. ನಮ್ಮ ಕಿಟ್ಟೆಲ್ ಕೂಡ ಕೊನೆಗಾಲ ಕಳೆದದ್ದು ಇದೇ ಊರಿನಲ್ಲಿ. 1894ರಲ್ಲಿ ಕನ್ನಡ ನಿಘಂಟು ಬಂತು, 1896ರಲ್ಲಿ ಈ ವಿಶ್ವವಿದ್ಯಾಲಯ ಅವರಿಗೆ ಡಾಕ್ಟರೇಟ್ ಕೊಟ್ಟಿತು, 1903ರಲ್ಲಿ ಅವರು ಇಲ್ಲೇ ತೀರಿಕೊಂಡರು. ನನಗೆ ಇದು ಗೊತ್ತಾದದ್ದು ಇಲ್ಲಿಗೆ ಓದಲು ಬಂದು ಒಂದು ವರ್ಷವಾದ ಮೇಲೆ. ಬೆಂಗಳೂರಿನ ಮೇಯೋ ಹಾಲ್ ಹತ್ತಿರದ ಕಿಟ್ಟೆಲ್ ಪ್ರತಿಮೆ ಮುಂದೆ ಎಷ್ಟೋ ಸಲ ಬಸ್ಸಿನಲ್ಲಿ ಹೋಗಿದ್ದೆ. ಇಲ್ಲಿಗೆ ಬಂದ ಮೇಲೆ ಆ ಮನುಷ್ಯ ನನಗೆ ಊರಿನವರಂತೆ ಆದರು. ಪರದೇಶದಲ್ಲಿ ಕೂತು ನನ್ನ ಭಾಷೆಯ ಬಗ್ಗೆ ಯೋಚಿಸಿದವರು ನನಗಿಂತ ಮೊದಲೂ ಈ ಬೀದಿಯಲ್ಲಿ ನಡೆದಿದ್ದಾರಲ್ಲ ಅನ್ನುವುದೇ ನನ್ನ ಎರಡನೇ ಚಳಿಗಾಲದಲ್ಲಿ ದೊಡ್ಡ ಧೈರ್ಯವಾಗಿತ್ತು.

ಮೂರನೇ ದಿನ: ಸೇಬಿನ ಮರಗಳು, ಹಿರ್ಶೌ ಅಜ್ಜಿ

ಶನಿವಾರ ಬಿಸಿಲು ಬಂತು. ಕೋಟೆಯ ಹಿಂಭಾಗದಿಂದ ಗುಡ್ಡದ ನೆತ್ತಿ ಹಿಡಿದು ವುರ್ಮ್‌ಲಿಂಗನ್ ಚಾಪೆಲ್ ಕಡೆಗೆ ನಡೆದೆವು. ಕಾಡು, ಆಮೇಲೆ ದ್ರಾಕ್ಷಿ ತೋಟ, ಆಮೇಲೆ ಹುಲ್ಲುಗಾವಲಿನಲ್ಲಿ ಅಲ್ಲೊಂದು ಇಲ್ಲೊಂದು ಹಳೇ ಸೇಬಿನ ಮರ. ಬುಡದಲ್ಲಿ ಹಣ್ಣು ಉದುರಿ ಹಾಸಿಕೊಂಡಿತ್ತು, ಕಣಜಗಳು ಗುಂಯ್ ಅನ್ನುತ್ತಿದ್ದವು. ಕೆಲವು ಮರಕ್ಕೆ ಹಳದಿ ಪಟ್ಟಿ ಕಟ್ಟಿತ್ತು. ಮೂಟೆಗೆ ಹಣ್ಣು ತುಂಬುತ್ತಿದ್ದ ಒಬ್ಬ ರೈತನನ್ನು ಕೇಳಿದೆ. "ಹಳದಿ ಇದ್ದರೆ ಯಾರು ಬೇಕಾದರೂ ಕಿತ್ತುಕೊಳ್ಳಬಹುದು. ನಮ್ಮ ಮಕ್ಕಳು ಊರಲ್ಲಿಲ್ಲ, ಯಾರಾದರೂ ತಿನ್ನಲಿ" ಅಂದ. ಪಟ್ಟಿ ಇಲ್ಲದ ಮರ ಮುಟ್ಟಬೇಡಿ ಅಂತಲೂ ಹೇಳಿದ. ಅವನ ಮೂಟೆ ಜ್ಯೂಸ್ ಮಿಲ್ಲಿಗೆ ಹೋಗುತ್ತದಂತೆ. ಒಂದು ಹಣ್ಣು ಒರೆಸಿ ಪುಟ್ಟಿಗೆ ಕೊಟ್ಟ. ಹುಳಿ ಅಂದರೆ ಹುಳಿ, ಅವಳ ಮುಖ ಕಿವುಚಿಕೊಂಡಿತು, ಆದರೂ ಪೂರ್ತಿ ತಿಂದಳು.

ಗುಡ್ಡ ಇಳಿದರೆ ಹಿರ್ಶೌ. ನನ್ನ ಎರಡನೇ ವರ್ಷ ಇಲ್ಲೇ ಒಬ್ಬ ಅಜ್ಜಿಯ ಮನೆಯ ಮಹಡಿಯಲ್ಲಿದ್ದೆ. ಅಜ್ಜಿಗೆ ಈಗ ಎಂಬತ್ತು ದಾಟಿದೆ, ಕಿವಿ ಸ್ವಲ್ಪ ಮಂದ. ಬಾಗಿಲು ತೆಗೆದವರೇ ನನ್ನ ಎರಡೂ ಕೈ ಹಿಡಿದು "ತೂಕ ಹಾಕಿದ್ದೀಯಾ, ಒಳ್ಳೇದಾಯ್ತು" ಅಂದರು. ಮೆಟ್ಟಿಲ ಬಳಿ ಅದೇ ಮರದ ಹಲಗೆ ನೇತಾಡುತ್ತಿತ್ತು. ಈ ವಾರ ಯಾರ ಬಾಗಿಲಿನಲ್ಲಿ ಅದು ಇರುತ್ತದೋ ಅವರು ಮೆಟ್ಟಿಲು, ಅಂಗಳ, ಬೀದಿಯ ಅಂಚು ಗುಡಿಸಬೇಕು. ಆ ಸೀಮೆಯಲ್ಲಿ ಇದು ಬಹಳ ಹಳೇ ರೂಢಿ. ಬಾಡಿಗೆಗೆ ಇರುವ ವಿದ್ಯಾರ್ಥಿಗಳಿಗೂ ವಿನಾಯಿತಿ ಇಲ್ಲ. ಗುಡಿಸಿದರೆ ಅಕ್ಕಪಕ್ಕದವರು ನಿಮ್ಮನ್ನು ಮಾತಾಡಿಸುತ್ತಾರೆ, ಅಷ್ಟು ನಿಜ.

ಊಟಕ್ಕೆ ಅಜ್ಜಿ ಚೀಸ್ ಹಾಕಿದ ಷ್ಪೆಟ್ಸ್ಲೆ ಮಾಡಿದ್ದರು. ಹಿಟ್ಟನ್ನು ಹಲಗೆಯ ಮೇಲೆ ಸವರಿ ಚಾಕುವಿನಿಂದ ಸಣ್ಣಗೆ ಕುದಿಯುವ ನೀರಿಗೆ ಕೆರೆಯುತ್ತಾರೆ. ಮೇಲೆ ಕೆಂಪಗೆ ಹುರಿದ ಈರುಳ್ಳಿ. ಪುಟ್ಟಿ ಎರಡು ಸಲ ಬಡಿಸಿಕೊಂಡಳು. ಮೂರನೇ ಸಲ ಕೇಳಿದಾಗ ಸಂಕೋಚಕ್ಕೆ "ಸ್ವಲ್ಪ..." ಅಂತ ರಾಗ ಎಳೆದಳು. ಅಜ್ಜಿ ಸೌಟು ಹಿಡಿದುಕೊಂಡೇ ಹೇಳಿದರು: "ಬೇಕಾದರೆ ಬೇಕು ಅನ್ನು, ಬೇಡವಾದರೆ ಬೇಡ ಅನ್ನು. ನನಗೆ ಎರಡೂ ಸರಿ." ನನಗೂ ಇದೇ ಮೇಜಿನ ಮುಂದೆ ಇದೇ ಮಾತು ಹೇಳಿದ್ದರು. ನಾನು ಬೆಳೆದ ಮನೆಯಲ್ಲಿ ಹೆಣ್ಣುಮಕ್ಕಳು ಬೇಡ ಅಂತ ಬಾಯಿಬಿಟ್ಟು ಹೇಳಿದ್ದನ್ನು ನಾನು ನೋಡಿರಲಿಲ್ಲ. ವಾಪಸ್ ಬಂದ ಮೇಲೆ, ಹಳ್ಳಿಯೊಂದರಲ್ಲಿ ಒಬ್ಬ ಗುತ್ತಿಗೆದಾರ ಬತ್ತಿದ ಬೋರ್‌ವೆಲ್ಲನ್ನು ನೀರಿದೆ ಅಂತ ಬರೆದುಕೊಡಿ ಅಂತ ಬೆನ್ನು ಹತ್ತಿದ್ದ. ಆಗ "ಆಗಲ್ಲ" ಅಂತ ನೇರವಾಗಿ ಹೇಳಿದೆ. ಕೈ ನಡುಗುತ್ತಿತ್ತು, ದನಿ ನಡುಗಲಿಲ್ಲ. ಡಿಗ್ರಿಗಿಂತ ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಈ ಮೇಜು.

ನಾಲ್ಕನೇ ದಿನ: ಬ್ಲೌಟೋಪ್ಫ್

ಈ ಪ್ರವಾಸದಲ್ಲಿ ನಾನು ಎದುರು ನೋಡುತ್ತಿದ್ದದ್ದು ಇದೇ ದಿನಕ್ಕೆ. ಟ್ಯೂಬಿಂಗನ್‌ನ ಎತ್ತರದ ಜಾಗದಿಂದ ದಕ್ಷಿಣಕ್ಕೆ ನೋಡಿದರೆ ಶ್ವೇಬಿಶ್ ಆಲ್ಬ್ ಬೆಟ್ಟಸಾಲು ಕಾಣುತ್ತದೆ. ಅದರ ಇನ್ನೊಂದು ಬದಿಯಲ್ಲಿ ಬ್ಲೌಬಾಯ್ರನ್ ಅನ್ನುವ ಊರು. ಪ್ಲೋಖಿಂಗನ್‌ನಲ್ಲೂ ಉಲ್ಮ್‌ನಲ್ಲೂ ರೈಲು ಬದಲಿಸಬೇಕು. ಪ್ಲೋಖಿಂಗನ್‌ಗೆ ನಮ್ಮ ರೈಲು ತಡವಾಗಿ ಬಂತು, ಮುಂದಿನ ರೈಲು ಕಣ್ಣೆದುರೇ ಹೊರಟಿತು. ಚಳಿಯಲ್ಲಿ ಒಂದು ಗಂಟೆ ಪ್ಲಾಟ್‌ಫಾರ್ಮಿನಲ್ಲಿ ಕೂತೆವು. ಎರಡು ಕಡೆ ರೈಲು ಬದಲಿಸುವ ದಿನ ಬೆಳಗ್ಗೆ ಬೇಗ ಹೊರಡುವುದೇ ವಾಸಿ.

ಬ್ಲೌಟೋಪ್ಫ್ ಅಂದರೆ ಒಂದು ಬುಗ್ಗೆ. ಸುಮಾರು 21 ಮೀಟರ್ ಆಳ. ನೋಡಿದರೆ ಯಾರೋ ನೀಲಿ ಕದಡಿದ್ದಾರೆ ಅನ್ನಿಸುತ್ತದೆ. ನೀರಿನಲ್ಲಿ ತೇಲುವ ಸುಣ್ಣದ ಅತಿ ಸಣ್ಣ ಕಣಗಳು ಬೆಳಕು ಚೆದುರಿಸುವುದರಿಂದ ಆ ಬಣ್ಣ. ಜೋರು ಮಳೆ ಆದಮೇಲೆ ಹೋದರೆ ಕಂದು ಹಸಿರು ಕಾಣುತ್ತದೆ, ಒಣ ದಿನ ನೋಡಿಕೊಂಡು ಹೋಗಿ. ಅವತ್ತು ಹಸಿರು ಬೆರೆತ ನೀಲಿ. ದಂಡೆಯಲ್ಲಿ ಹಳೇ ಕಮ್ಮಾರಶಾಲೆ, ಅದರ ನೀರಿನ ಚಕ್ರ.

2014ರಲ್ಲಿ ನಮ್ಮ ಕ್ಲಾಸನ್ನು ಇಲ್ಲಿಗೆ ಕರೆತಂದಿದ್ದರು. ಬೆಟ್ಟವೆಲ್ಲ ಸುಣ್ಣದ ಕಲ್ಲು. ಮೇಲೆ ಬಿದ್ದ ಮಳೆ ಬಿರುಕಿನಲ್ಲಿ ಇಳಿದು, ಗವಿಗಳಲ್ಲಿ ಹರಿದು, ಕೆಳಗೆ ಇಂಥ ಬುಗ್ಗೆಯಾಗಿ ಏಳುತ್ತದೆ. ಎಲ್ಲಿಯ ನೀರು ಎಲ್ಲಿ ಏಳುತ್ತದೆ ಅಂತ ತಿಳಿಯಲು ಮೇಲೆ ಉರಾನಿನ್ ಅನ್ನುವ ಹೊಳೆಯುವ ಹಸಿರು ಬಣ್ಣ ಸುರಿದು, ಕೆಳಗೆ ಬುಗ್ಗೆಯ ನೀರು ಪರೀಕ್ಷಿಸುತ್ತಾರೆ. ನಾನು ಜಾಣೆ ಅನ್ನಿಸಿಕೊಳ್ಳುವ ಆಸೆಯಿಂದ ಪುಸ್ತಕದಲ್ಲಿದ್ದ ಒಂದು ಸಾಲನ್ನು ಒಪ್ಪಿಸಿದೆ. ಪ್ರೊಫೆಸರ್ ಕೋಪವಿಲ್ಲದೆ ಕೇಳಿದರು: "ಇದು ನಿಮಗೆ ಹೇಗೆ ಗೊತ್ತು?" ಪುಸ್ತಕದಲ್ಲಿದೆ ಅಂದೆ. "ಪುಸ್ತಕ ಬರೆದವರಿಗೆ ಹೇಗೆ ಗೊತ್ತಾಯಿತು?" ಅಂದರು. ಹದಿನಾರು ವರ್ಷ ಓದಿದ್ದರೂ ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಅವತ್ತು ಮಧ್ಯಾಹ್ನ ಒಂದು ಬಾವಿಗೆ ಟೇಪು ಇಳಿಸುವುದನ್ನು ಕಲಿಸಿದರು. ತುದಿಯಲ್ಲಿ ಲೋಹದ ಗುಂಡು, ನೀರು ಮುಟ್ಟಿದ ಕ್ಷಣ ಮೇಲಿನ ಡಬ್ಬಿ ಪೀಂ ಅನ್ನುತ್ತದೆ. ಸ್ವಲ್ಪ ಮೇಲೆತ್ತು, ಸದ್ದು ನಿಲ್ಲುತ್ತದೆ. ಇಳಿಸು, ಮತ್ತೆ ಪೀಂ. ಬೆರಳಿನಿಂದ ಟೇಪನ್ನು ಬಾವಿಯ ಬಾಯಿಗೆ ಒತ್ತಿ ಹಿಡಿದು ಅಂಕಿ ಓದಬೇಕು. ಪೆನ್ಸಿಲ್‌ನಲ್ಲೇ ಬರೆಯಬೇಕು, ಮಳೆ ಬಿದ್ದರೆ ಪೆನ್ನಿನ ಶಾಯಿ ಕದಡುತ್ತದೆ. ಅಂಥದೇ ಟೇಪು ಈಗ ಕೋಲಾರದಲ್ಲಿ ನನ್ನ ಸ್ಕೂಟರಿನ ಡಿಕ್ಕಿಯಲ್ಲಿ ಯಾವಾಗಲೂ ಇರುತ್ತದೆ.

ಬುಗ್ಗೆಯ ಪಕ್ಕದ ಬೆಂಚಿನಲ್ಲಿ ಕೂತಿದ್ದ ಒಬ್ಬ ಹಿರಿಯರು ನಾವು ಕೈತೋರಿಸಿ ಮಾತಾಡುವುದನ್ನು ನೋಡಿ ತಾವೇ ಮಾತಿಗಿಳಿದರು. ಅವರ ಊರು ಬೆಟ್ಟದ ಮೇಲೆ. "ಇಲ್ಲಿ ಇಷ್ಟು ನೀರು ಹರೀತಾ ಇತ್ತು. ಮೇಲೆ ನಮ್ಮ ಹಿರಿಯರಿಗೆ ಕುಡಿಯೋಕೆ ಇರಲಿಲ್ಲ" ಅಂದರು. ಮೇಲಿನ ಹಳ್ಳಿಗಳಲ್ಲಿ ಜೇಡಿಮಣ್ಣು ಮೆತ್ತಿದ ಹೊಂಡಗಳಿದ್ದವು, ಹ್ಯೂಲೆ ಅನ್ನುತ್ತಾರೆ. ಮಾಡಿನಿಂದ, ಬೀದಿಯಿಂದ ಹರಿದ ಮಳೆನೀರು ಅದಕ್ಕೆ. ದನಕ್ಕೂ ಅದೇ, ಬರ ಬಂದರೆ ಮನುಷ್ಯರಿಗೂ ಅದೇ. ಬೇಸಿಗೆಯಲ್ಲಿ ಗಾಡಿ ಕಟ್ಟಿಕೊಂಡು ಕಣಿವೆಗೆ ಇಳಿದು ನೀರು ಹೊತ್ತು ತರಬೇಕಿತ್ತು. ಕಾರ್ಲ್ ಎಹ್ಮನ್ ಅನ್ನುವ ಇಂಜಿನಿಯರ್, ಕಣಿವೆಯ ನದಿಯ ಬಲದಿಂದಲೇ ಪಂಪು ನಡೆಸಿ ಬೆಟ್ಟದ ಮೇಲಕ್ಕೆ ನೀರು ಏರಿಸುವ ಯೋಜನೆ ಮಾಡಿದ. ಖರ್ಚಿಗೆ ಹೆದರಿ ಎಷ್ಟೋ ಹಳ್ಳಿಯವರು ಮೊದಲು ಬೇಡವೆಂದರು. 1871ರಲ್ಲಿ ಯುಸ್ಟಿಂಗನ್ ಎಂಬ ಹಳ್ಳಿಗೆ ಮೊದಲು ನೀರು ಏರಿತು.

ನಾನು ಅವರಿಗೆ ನಮ್ಮ ಗೋಕಟ್ಟೆ ಬಗ್ಗೆ ಹೇಳಿದೆ. ಕೋಲಾರದಲ್ಲಿ ವರ್ಷವಿಡೀ ಹರಿಯುವ ಹೊಳೆಯೇ ಇಲ್ಲ ಅಂದೆ. ಕೆರೆ ಕಟ್ಟಿ ಬದುಕಿದವರು ನಾವು, ಆಮೇಲೆ ಕೆರೆ ಮರೆತು ಬೋರ್‌ವೆಲ್ ಕೊರೆದೆವು. ನಮ್ಮದು ಗಟ್ಟಿ ಕಲ್ಲು, ಬಿರುಕಿನಲ್ಲಿ ಇದ್ದಷ್ಟೇ ನೀರು. ಸಾವಿರ ಅಡಿ ದಾಟಿದರೂ ದೂಳು ಬರುವ ಜಾಗಗಳಿವೆ, ಬಂದ ನೀರಿನಲ್ಲಿ ಫ್ಲೋರೈಡ್. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ಬಿಡುತ್ತಿದ್ದಾರೆ. ಅವರು ಎಲ್ಲಾ ಕೇಳಿ, "ಆ ನೀರು ಚೆನ್ನಾಗಿದೆಯಾ? ಯಾರು ಅಳೀತಾರೆ?" ಅಂದರು. ಅದೇ ನೋಡಿ. ನಾನು ದಿನಾ ಕೇಳುವ ಪ್ರಶ್ನೆಯೂ ಅದೇ.

ನನಗೆ ಅಲ್ಲೇ ಕೆಲಸ ಸಿಗುವ ಹಾಗಿತ್ತು. ಊರಿಗೆ ವಾಪಸ್ ಬರಲೇಬೇಕು ಅನ್ನಿಸಿದ್ದು 2014ರಲ್ಲಿ ಇದೇ ಬುಗ್ಗೆಯ ಮುಂದೆ ಅಲ್ಲ, ಆವತ್ತು ಸಂಜೆ ಬೆಟ್ಟದ ಮೇಲೆ ಅಂಥ ಒಂದು ಹೊಂಡ ನೋಡಿದಾಗ. ಪಕ್ಕದಲ್ಲಿ ಸಣ್ಣ ಫಲಕ, ಯಾವ ವರ್ಷದವರೆಗೂ ಕುಡಿದರು ಅಂತ ಬರೆದಿತ್ತು. ಈ ಜನ ತಮ್ಮ ಬಾಯಾರಿಕೆಯ ಲೆಕ್ಕವನ್ನು ಬರೆದಿಟ್ಟಿದ್ದಾರೆ. ನಮ್ಮ ಊರಿನ ಬಾವಿಗಳು ಯಾವ ವರ್ಷ ಬತ್ತಿದವು ಅಂತ ಬರೆದವರು ಯಾರು? ಆ ಕೆಲಸವನ್ನೇ ಈಗ ಮಾಡುತ್ತಿದ್ದೇನೆ. ಹಳ್ಳಿ ಹಳ್ಳಿಗೆ ಹೋಗಿ ಬಾವಿ ಅಳೆದು, ಮುದುಕರನ್ನು ಕೇಳಿ, ಬರೆಯುತ್ತೇನೆ.

ಐದನೇ ದಿನ: ಕೀ, ಬೇಳೆ, ಬಸ್ಸಾರು

ಸೋಮವಾರ ಪೂರ್ತಿ ಓಡಾಟ. ಮನೆ ಸೇರಿದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆ ಕೊಟ್ಟವರ ಸಹಿ ಇರುವ ಕಾಗದ ಬೇಕೇ ಬೇಕು, ಕೀ ತಗೊಳ್ಳುವಾಗಲೇ ಕೇಳಿ ಪಡೆದರೆ ಎರಡು ಸಲ ಅಲೆಯುವುದು ತಪ್ಪುತ್ತದೆ.

ಮಾರ್ಕ್ಟ್‌ಪ್ಲಾಟ್ಸ್‌ನಲ್ಲಿ ಸೋಮವಾರದ ಸಂತೆ ಇತ್ತು. ಒಂದು ಅಂಗಡಿಯಲ್ಲಿ ಆಲ್ಬ್ ಬೆಟ್ಟದ ಮಸೂರ. ಆ ಬೆಟ್ಟದಲ್ಲಿ ಮಸೂರ ಬೆಳೆಯುವುದೇ ನಿಂತುಹೋಗಿತ್ತಂತೆ. 1980ರ ದಶಕದಲ್ಲಿ ಲೌಟರಾಖ್ ಊರಿನ ರೈತ ಕುಟುಂಬವೊಂದು ಮತ್ತೆ ಶುರು ಮಾಡಿತು. ಕಳೆದುಹೋಗಿದ್ದ ಸ್ಥಳೀಯ ತಳಿಯ ಬೀಜ 2006ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನ ಬೀಜ ಸಂಗ್ರಹದಲ್ಲಿ ಸಿಕ್ಕಿತು. ಅಂಗಡಿಯಾಕೆ ಇದನ್ನು ಹೇಳುವಾಗ ಅಳೆಯುವುದನ್ನೇ ನಿಲ್ಲಿಸಿದ್ದರು. ಅರ್ಧ ಕೆಜಿ ತಗೊಂಡೆವು.

ಪುಟ್ಟಿಯ ಹಾಸ್ಟೆಲ್ ಊರಿನ ಉತ್ತರದ ಗುಡ್ಡದ ಮೇಲೆ, ವಾಲ್ಡ್‌ಹೊಯ್ಸರ್ ಓಸ್ಟ್‌ನಲ್ಲಿ. ಬಸ್ಸು ಏರಿ ಏರಿ ಹೋಗುತ್ತದೆ. ಸಾಮೂಹಿಕ ಅಡುಗೆಮನೆಯಲ್ಲಿ ಆ ಮಸೂರ, ಪಾಲಕ್ ಬೇಯಿಸಿ, ಬಸಿದು, ಕಟ್ಟಿಗೆ ಖಾರ ರುಬ್ಬಿ ಹಾಕಿ ಬಸ್ಸಾರು ಮಾಡಿದೆ. ಪಲ್ಯಕ್ಕೆ ಒಗ್ಗರಣೆ ಕೊಡುವ ಮೊದಲು ಕಿಟಕಿ ಪೂರ್ತಿ ತೆಗೆಯಿರಿ, ಹೊಗೆ ಅಲಾರಂ ಹೊಡೆದುಕೊಂಡರೆ ಇಡೀ ಮಹಡಿಯೇ ಹೊರಗೆ ನಿಲ್ಲಬೇಕು. ವಾಸನೆಗೆ ಕ್ಯಾಮರೂನಿನ ಒಬ್ಬ ಹುಡುಗಿ ಬಂದಳು. ತಮ್ಮ ಕಡೆಯೂ ಸೊಪ್ಪಿನ ಸಾರಿಗೆ ಗಟ್ಟಿ ಮುದ್ದೆಯಂಥದ್ದು ಇರುತ್ತದೆ ಅಂತ ಕೈಯಲ್ಲಿ ಉಂಡೆ ಮಾಡಿ ತೋರಿಸಿದಳು. ನಾನು ರಾಗಿ ಮುದ್ದೆ ತೊಳಸಿದೆ. ಅವಳು ನುಂಗುವುದನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ.

ರಾತ್ರಿ ಪುಟ್ಟಿ ಕೇಳಿದಳು: "ಅತ್ತೆ, ನಾನೂ ವಾಪಸ್ ಬರಬೇಕಾ?" ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ನನ್ನ ಜೊತೆ ಓದಿದವರಲ್ಲಿ ಅಲ್ಲೇ ಉಳಿದು ಒಳ್ಳೇ ಕೆಲಸ ಮಾಡುತ್ತಿರುವವರಿದ್ದಾರೆ. ಸಾಲದ ಭಾರಕ್ಕೆ ಓದು ಅರ್ಧಕ್ಕೆ ಬಿಟ್ಟವರೂ ಇದ್ದಾರೆ. "ಸಾಲ ತೀರುವವರೆಗೂ ದುಡ್ಡಿನ ಮಾತು ಕೇಳು, ಆಮೇಲೆ ನಿನ್ನ ಮಾತು ಕೇಳು" ಅಂದೆ. ನಾನು ಮಾಡಿದ್ದೂ ಅದನ್ನೇ.

ಕೊನೆಯ ದಿನ

ಮಂಗಳವಾರ ಬೆಳಗ್ಗೆ ಅವಳಿಗೆ ಹೊಸ ವಿದ್ಯಾರ್ಥಿಗಳ ಸಭೆ ಇತ್ತು, ನನಗೆ ಹತ್ತರ ರೈಲು. ಬಸ್ ಸ್ಟಾಪಿನಲ್ಲೇ ಬೀಳ್ಕೊಂಡೆವು. ಅವಳು ಅಳಲಿಲ್ಲ, ನಾನು ಅತ್ತೆ. ಚಕ್ರ ಕಿತ್ತ ಸೂಟ್‌ಕೇಸನ್ನು ಅಲ್ಲೇ ಬಿಟ್ಟು ಬಂದೆ, ಪುಸ್ತಕ ಇಡೋಕೆ ಆಗುತ್ತೆ ಅಂದಳು.

ಈಗ ಅವಳು ವಾರಕ್ಕೊಮ್ಮೆ ಫೋನ್ ಮಾಡುತ್ತಾಳೆ. ಮೊನ್ನೆ ಅವಳ ಕ್ಲಾಸಿನಲ್ಲಿ ಒಂದು ಪ್ರಾಜೆಕ್ಟಿಗೆ ವಿಷಯ ಹುಡುಕಬೇಕಿತ್ತಂತೆ. "ಅತ್ತೆ, ನಿನ್ನ ಹತ್ರ ಕೋಲಾರದ ಬಾವಿಗಳ ಅಳತೆ ಎಷ್ಟು ವರ್ಷದ್ದಿದೆ? ಪೂರ್ತಿ ಕಳಿಸು" ಅಂದಳು. ನೋಟ್‌ಬುಕ್ಕುಗಳನ್ನು ಒಂದೊಂದಾಗಿ ಸ್ಕ್ಯಾನ್ ಮಾಡುತ್ತಿದ್ದೇನೆ. ಪೆನ್ಸಿಲ್ ಬರಹ ಕೆಲವು ಪುಟದಲ್ಲಿ ಮಸುಕಾಗಿದೆ, ಅಂಥದ್ದನ್ನು ಓದಿ ಹೇಳುತ್ತೇನೆ, ಅವಳು ಆ ಕಡೆ ಟೈಪ್ ಮಾಡಿಕೊಳ್ಳುತ್ತಾಳೆ. ಅಂಕಿ ಸ್ವಲ್ಪ ವಿಚಿತ್ರ ಅನ್ನಿಸಿದರೆ ಸಾಕು, "ಇದು ನಿನಗೆ ಹೇಗೆ ಗೊತ್ತು? ಬೋರ್‌ವೆಲ್ ಓಡುವಾಗ ಅಳೆದದ್ದಾ, ನಿಂತ ಮೇಲೆ ಅಳೆದದ್ದಾ?" ಅಂತ ಶುರು ಮಾಡುತ್ತಾಳೆ. ಕಳೆದ ವಾರ ಹಾಗೆ ಎರಡು ಹಳ್ಳಿಗೆ ಮತ್ತೆ ಹೋಗಿ ಅಳೆದು ಬಂದೆ. ಮುಂದಿನ ವಾರ ಇನ್ನೂ ಮೂರಕ್ಕೆ ಹೋಗಬೇಕು.